ಆಟದ ಯಂತ್ರ, ಗಣಕದ ತೆರೆ ಮತ್ತು ಮಕ್ಕಳ ಕಣ್ಣು

ಜ್ಯೇಷ್ಠಮಾಸದ ಕಾಶಿಯನ್ನು ಯಾತ್ರಾರ್ಥಿಗಳಾಗಿ ಕಂಡವರಿಗಿಂತ ಅಲ್ಲಿ ಸಂಸಾರ ಹೂಡಿದವರು ಚೆನ್ನಾಗಿ ಬಲ್ಲರು. ಬೆಳಗಿನ ಹತ್ತು ಗಂಟೆಯಾಗುವಷ್ಟರಲ್ಲಿ ಪಶ್ಚಿಮದ ಕಡೆಯಿಂದ ‘ಲೂ’ ಎಂಬ ಬಿಸಿಗಾಳಿ ಬೀಸತೊಡಗುತ್ತದೆ. ಉಷ್ಣಮಾನವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. 45ರ ಸಮೀಪಕ್ಕೆ ಹೋಗುವುದೂ ಅಪರೂಪವಲ್ಲ. ಪಾರ್ಶ್ವನಾಥ ತೀರ್ಥಂಕರರ ಜನ್ಮಸ್ಥಳವೆಂದು ಜೈನರು ಪೂಜಿಸುವ, ನಗರದ ನೀರು ಸರಬರಾಜಿನ ‘ಜಲಕಲ್’ ಇರುವ ಭೇಲೂಪುರದಂತಹ ಕಿಕ್ಕಿರಿದ ಬಡಾವಣೆಯಲ್ಲಿ ಆ ಹೊತ್ತಿಗೆ ಗಲ್ಲಿಗಳು ನಿರ್ಜನವಾಗುತ್ತವೆ. ಹನುಮಾನ್ ಘಾಟ್, ಕರ್ನಾಟಕ ಘಾಟ್‌ಗಳ ಮೆಟ್ಟಿಲುಗಳು ಬರಿಗಾಲಿಡಲಾಗದಷ್ಟು ಕಾಯುತ್ತವೆ. ಶಾಲೆಗೆ ರಜೆ, ಕಿಟಕಿ ಮುಚ್ಚಿ, ಕೂಲರ್ ತಿರುಗಿಸಿ, ಮಕ್ಕಳು ಒಳಗೇ ಉಳಿಯಬೇಕು. ದೂರದ ಊರಿನಲ್ಲಿ ಅಜ್ಜಿಯ ಮನೆಯ ಹಿತ್ತಿಲಿಲ್ಲ, ಮಾವಿನ ತೋಪಿಲ್ಲ.

ಅಂತಹ ಒಂದು ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ವರ್ಗವಾಗಿ ಬಂದ ತಂದೆ, ಎರಡು ಕೋಣೆಯ ಬಾಡಿಗೆ ಮನೆ. ಟಿ.ವಿ. ಎಂಬುದು ಅಜ್ಜಿಯ ಧಾರಾವಾಹಿಗಳಿಗೆ ಮೀಸಲು. ಮೂಲೆಯ ಮೇಜಿನ ಮೇಲೆ ಗಣಕಯಂತ್ರದ 24 ಅಂಗುಲದ ಮಾನಿಟರ್. ಬೆಂಗಳೂರಿನ ಸೋದರಮಾವ ತನ್ನ ಹಳೆಯ ಗೇಮ್ ಕನ್ಸೋಲನ್ನು ಹನ್ನೊಂದು ವರ್ಷದ ಅಳಿಯನಿಗೆ ಕೊಟ್ಟುಕಳುಹಿಸಿದ್ದಾನೆ. “ಅಪ್ಪಾ, ಇದನ್ನು ಆ ಮಾನಿಟರಿಗೆ ಜೋಡಿಸಬಹುದೇ?” ಎಂಬುದು ಹುಡುಗನ ಪ್ರಶ್ನೆ.

ಧಾರಾಳವಾಗಿ ಜೋಡಿಸಬಹುದು, ಹೊಸ ಟಿ.ವಿ. ಕೊಳ್ಳುವ ವೆಚ್ಚಕ್ಕೆ ಹೋಗಬೇಕಾಗಿಲ್ಲ. ಟಿ.ವಿ.ಗಿಂತ ಮಾನಿಟರು ಒಂದು ವಿಷಯದಲ್ಲಿ ಮೇಲೂ ಹೌದು. ಟಿ.ವಿ. ತನಗೆ ಬಂದ ಚಿತ್ರವನ್ನು ಅಂದಗೊಳಿಸಿ ತೋರಿಸಲು ತುಸು ಕಾಲ ತೆಗೆದುಕೊಳ್ಳುತ್ತದೆ. ಹಾಗಾಗಿ ಗುಂಡಿ ಒತ್ತುವುದಕ್ಕೂ ಅದರ ಫಲ ತೆರೆಯಲ್ಲಿ ಕಾಣುವುದಕ್ಕೂ ನಡುವೆ ಅಂತರ ಬೀಳುತ್ತದೆ. ‘ಗೇಮ್ ಮೋಡ್’ ಹಾಕಿದರೆ ಅದು ತಗ್ಗುತ್ತದೆ. ಮಾನಿಟರು ಮೊದಲಿನಿಂದಲೇ ಇಂತಹ ಶೃಂಗಾರದ ಗೊಡವೆಗೆ ಹೋಗುವುದಿಲ್ಲ.

ಮೊದಲು ನೋಡಬೇಕಾದದ್ದು ಮಾನಿಟರಿನ ಬೆನ್ನು. ಈಚಿನ ಕನ್ಸೋಲ್‌ಗಳೆಲ್ಲ ಎಚ್.ಡಿ.ಎಂ.ಐ. ಎಂಬ ಒಂದೇ ತಂತಿಯಲ್ಲಿ ಚಿತ್ರವನ್ನೂ ಧ್ವನಿಯನ್ನೂ ಕಳುಹಿಸುತ್ತವೆ. ಚಪ್ಪಟೆಯಾದ, ಕೆಳಗಿನ ಎರಡು ಮೂಲೆಗಳು ಓರೆಯಾದ ಆ ಕಿಂಡಿ ಮಾನಿಟರಿನಲ್ಲಿದ್ದರೆ ಕೆಲಸ ಐದು ನಿಮಿಷದ್ದು: ತಂತಿ ಸಿಕ್ಕಿಸಿ, ಎರಡಕ್ಕೂ ವಿದ್ಯುತ್ ಕೊಟ್ಟು, ಮಾನಿಟರಿನ ಗುಂಡಿಯಿಂದ ಆ ಕಿಂಡಿಯನ್ನು ಆರಿಸಿಕೊಂಡರಾಯಿತು. ಬಿಳಿಯ ಅಗಲವಾದ ಡಿ.ವಿ.ಐ. ಕಿಂಡಿ ಮಾತ್ರ ಇದ್ದರೆ ಸಾಮಾನ್ಯ ಬೆಲೆಯ ಒಂದು ಜೋಡಣೆಯ ತಂತಿ ಸಾಕು. ಚಿತ್ರ ಬರುತ್ತದೆ, ಧ್ವನಿಗೆ ಬೇರೆ ದಾರಿ ನೋಡಬೇಕು. ಮೂರು ಸಾಲಿನಲ್ಲಿ ಹದಿನೈದು ರಂಧ್ರಗಳುಳ್ಳ ನೀಲಿಯ ವಿ.ಜಿ.ಎ. ಕಿಂಡಿಯಾದರೆ ಬರಿಯ ತಂತಿ ನಿರುಪಯುಕ್ತ. ಅಂಕಿರೂಪದ ಸಂಕೇತವನ್ನು ಹಳೆಯ ಬಗೆಯ ಸಂಕೇತವಾಗಿ ಮಾರ್ಪಡಿಸುವ ಪುಟ್ಟ ಪರಿವರ್ತಕವೇ ಬೇಕು. ಡಿಸ್‌ಪ್ಲೇಪೋರ್ಟ್ ವಿಷಯದಲ್ಲಿ ಅನೇಕರು ಮೋಸಹೋಗುತ್ತಾರೆ. ಅಂಗಡಿಯಲ್ಲಿ ಸಿಗುವ ಅಗ್ಗದ ತಂತಿ ಗಣಕದ ಡಿಸ್‌ಪ್ಲೇಪೋರ್ಟಿನಿಂದ ಟಿ.ವಿ.ಯ ಎಚ್.ಡಿ.ಎಂ.ಐ.ಗೆ ಮಾತ್ರ ಸಾಗುತ್ತದೆ, ತಿರುಗುಮುರುಗಾಗಿ ಸಾಗದು. ಕನ್ಸೋಲಿನಿಂದ ಆ ಕಿಂಡಿಗೆ ಹೋಗಲು ವಿದ್ಯುತ್ ಪಡೆದು ಕೆಲಸ ಮಾಡುವ ಪರಿವರ್ತಕವೇ ಆಗಬೇಕು. ಕೊಳ್ಳುವ ಮುನ್ನ ಯಾವುದರಿಂದ ಯಾವುದಕ್ಕೆ ಎಂಬುದನ್ನು ಸ್ಪಷ್ಟವಾಗಿ ಕೇಳತಕ್ಕದ್ದು.

ಎಲ್ಲ ಸರಿಯಿದ್ದೂ ತೆರೆ ಕಪ್ಪಾಗಿಯೇ ಉಳಿಯುವುದುಂಟು. ಕಾರಣ ಬಹುಮಟ್ಟಿಗೆ ಎರಡು. ಕನ್ಸೋಲು ಮಾನಿಟರಿನ ಶಕ್ತಿಗೆ ಮೀರಿದ ಸೂಕ್ಷ್ಮತೆಯ ಚಿತ್ರವನ್ನು ಕಳುಹಿಸುತ್ತಿರಬಹುದು. ಪ್ಲೇಸ್ಟೇಷನ್ 4 ಮತ್ತು 5ರಲ್ಲಿ, ಯಂತ್ರ ಪೂರ್ತಿ ಆರಿರುವಾಗ ವಿದ್ಯುತ್ ಗುಂಡಿಯನ್ನು ಎರಡನೆಯ ‘ಬೀಪ್’ ಕೇಳುವವರೆಗೆ ಒತ್ತಿಹಿಡಿದರೆ ಸುರಕ್ಷಿತ ವಿಧಾನದಲ್ಲಿ ಅದು ಎದ್ದುಕೊಳ್ಳುತ್ತದೆ. ಅಲ್ಲಿ ಚಿತ್ರದ ಅಳತೆಯನ್ನು ಇಳಿಸಬಹುದು. ಇನ್ನೊಂದು ಕಾರಣ, ನಕಲು ತಡೆಯುವ ಎಚ್.ಡಿ.ಸಿ.ಪಿ. ಎಂಬ ಬೀಗ. ತೀರ ಹಳೆಯ ಮಾನಿಟರುಗಳಿಗೆ ಅದರ ಕೀಲಿಕೈ ಇಲ್ಲ. ಒಮ್ಮೆ ಅಜ್ಜಿಯ ಟಿ.ವಿ.ಯನ್ನು ಎರವಲು ಪಡೆದು, ಅದರ ಮೂಲಕ ಕನ್ಸೋಲಿನಲ್ಲಿ ಈ ಬೀಗವನ್ನು ತೆಗೆದುಹಾಕಿದರೆ ಆಟಗಳು ನಡೆಯುತ್ತವೆ, ಸಿನಿಮಾದ ಆ್ಯಪ್‌ಗಳು ನಡೆಯುವುದಿಲ್ಲ. ಅದೊಂದು ನಷ್ಟವೆಂದು ತಾಯ್ತಂದೆಗಳು ಭಾವಿಸಲಾರರು.

ವಿದ್ಯುತ್ತಿನ ಲೆಕ್ಕವನ್ನೂ ನೋಡಬೇಕು. ಮೊದಲ ಮಾದರಿಯ ಪ್ಲೇಸ್ಟೇಷನ್ 5 ಆಟದ ಕಾಲದಲ್ಲಿ ಸುಮಾರು 200 ವಾಟ್ ಸೇವಿಸುತ್ತದೆ. ಮಾನಿಟರಿಗೆ 25 ವಾಟ್ ಎಂದು ಹಿಡಿದರೆ ದಿನಕ್ಕೆ ಎರಡು ಗಂಟೆಯಂತೆ ತಿಂಗಳಿಗೆ 13.5 ಯೂನಿಟ್. ಇದು ಭಾರವಲ್ಲ. ಭಾರವಾಗುವುದು ಹಠಾತ್ತನೆ ಹೋಗುವ ವಿದ್ಯುತ್. ಆಟದ ಪ್ರಗತಿಯನ್ನು ದಾಖಲಿಸುತ್ತಿರುವ ಕ್ಷಣದಲ್ಲೇ ಯಂತ್ರ ಆರಿದರೆ ದಾಖಲೆ ಕೆಡುವ ಸಂಭವವುಂಟು. ಗಣಕಕ್ಕೆ ಇಟ್ಟ 600 ವಿ.ಎ. ಯು.ಪಿ.ಎಸ್. ಸಾಮಾನ್ಯವಾಗಿ 360 ವಾಟ್ ಹೊರುತ್ತದೆ. ಆಟ ಮುಂದುವರಿಸಲು ಅದು ಸಾಲದು. ಕ್ರಮವಾಗಿ ಮುಚ್ಚಲು ಸಾಕು.

ಶಾಖದ ಮಾತು ಕಾಶಿಗೆ ವಿಶೇಷವಾಗಿ ಸಲ್ಲುತ್ತದೆ. ಪ್ಲೇಸ್ಟೇಷನ್ 5ರ ಕೈಪಿಡಿಯಲ್ಲಿ ಯಂತ್ರವನ್ನು 5ರಿಂದ 35 ಡಿಗ್ರಿ ಉಷ್ಣಮಾನದ ಒಳಗೆ ಬಳಸಬೇಕೆಂದು ಹೇಳಿದೆ. ಜ್ಯೇಷ್ಠದ ಮಧ್ಯಾಹ್ನ ಭೇಲೂಪುರದ ಮೇಲ್ಮಹಡಿಯ ಕೋಣೆ, ಕೂಲರ್ ಇಲ್ಲದಿದ್ದರೆ, ಆ ಮಿತಿಯನ್ನು ಮೀರಿರುತ್ತದೆ. ಅಂದರೆ ಮಗು ಆಡಲು ಹಂಬಲಿಸುವ ಹೊತ್ತೇ ಯಂತ್ರಕ್ಕೆ ಒಗ್ಗದ ಹೊತ್ತು. ಅದನ್ನು ಕಪಾಟಿನೊಳಗಿಟ್ಟು ಬಾಗಿಲು ಹಾಕುವುದಾಗಲಿ, ಧೂಳಿಗೆಂದು ಬಟ್ಟೆ ಹೊದಿಸಿಯೇ ಆಡುವುದಾಗಲಿ ಸಲ್ಲದು. ಹಿಂದೆ ಒಂದು ಗೇಣು ಜಾಗ ಬಿಡುವುದು ಒಳ್ಳೆಯದು.

ಇಷ್ಟೂ ಯಂತ್ರದ ಮಾತಾಯಿತು. ಎಡವಟ್ಟು ಪ್ರಾರಂಭವಾಗುವುದು ತಂತಿ ಸಿಕ್ಕಿಸಿದ ನಂತರ. ಕನ್ಸೋಲಿನ ಆಟಗಳನ್ನು ಕೋಣೆಯ ಒಂದು ತುದಿಯ ಟಿ.ವಿ.ಯನ್ನು ಇನ್ನೊಂದು ತುದಿಯ ಸೋಫಾದಿಂದ ನೋಡುವವರಿಗಾಗಿ ರೂಪಿಸಲಾಗಿದೆ. ಮಾನಿಟರನ್ನು ಮೇಜಿನೆದುರು ಕುಳಿತ ವಯಸ್ಕನಿಗಾಗಿ. ಹತ್ತಡಿ ದೂರದಿಂದ 24 ಅಂಗುಲದ ತೆರೆಯ ಮೇಲಿನ ಸಣ್ಣ ಅಕ್ಷರಗಳು ಓದಲು ಬರುವುದಿಲ್ಲ. ಹುಡುಗ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಸ್ಟೂಲಿಗೆ ಬರುತ್ತಾನೆ. ಆಟ ಬಿರುಸಾದಂತೆ ಮೂಗು ತೆರೆಗೆ ಒಂದು ಗೇಣಿನ ಹತ್ತಿರ ಬಂದಿರುತ್ತದೆ.

ಇದರಿಂದ ಕಣ್ಣಿಗೆ ಬೀಳುವ ದುಡಿಮೆಯನ್ನು ಸರಳ ಗಣಿತದಿಂದ ಅರಿಯಬಹುದು. ನೋಟದ ದೂರವನ್ನು ಸೆಂಟಿಮೀಟರುಗಳಲ್ಲಿ ಹಿಡಿದು 100ನ್ನು ಅದರಿಂದ ಭಾಗಿಸಿದರೆ, ಕಣ್ಣಿನ ಮಸೂರ ಎಷ್ಟು ಡಯಾಪ್ಟರ್ ಬಿಗಿದುಕೊಳ್ಳಬೇಕೆಂಬುದು ದೊರೆಯುತ್ತದೆ. ಆರು ಮೀಟರ್ ಆಚೆಯ ವಸ್ತುವಿಗೆ ಇದು ಕಾಲು ಡಯಾಪ್ಟರಿಗೂ ಕಡಿಮೆ. ಒಂದು ತೋಳುದ್ದದ, ಅಂದರೆ 60 ಸೆಂಟಿಮೀಟರಿನ ದೂರಕ್ಕೆ ಸುಮಾರು 1.7. ಇಪ್ಪತ್ತು ಸೆಂಟಿಮೀಟರಿಗೆ 5! ಮಕ್ಕಳ ಮಸೂರ ಮೃದುವಾದ್ದರಿಂದ ನೋವಿಲ್ಲದೆ ಇಷ್ಟನ್ನೂ ನಿಭಾಯಿಸುತ್ತದೆ. ಆದ್ದರಿಂದಲೇ ಮಗು ದೂರುವುದಿಲ್ಲ, ಮನೆಯವರಿಗೂ ತಿಳಿಯುವುದಿಲ್ಲ. ದೀರ್ಘಕಾಲದ ಸಮೀಪದ ನೋಟಕ್ಕೂ ಬೆಳೆಯುವ ಮಕ್ಕಳ ಸಮೀಪದೃಷ್ಟಿಗೂ ಸಂಬಂಧವುಂಟೆಂದು ಅನೇಕ ಅಧ್ಯಯನಗಳು ತೋರಿಸಿವೆ. ಕಣ್ಣುಗುಡ್ಡೆ ಉದ್ದವಾಗಿ ಬೆಳೆದುಬಿಟ್ಟರೆ ಅದು ಮತ್ತೆ ಹಿಂದಿನಂತೆ ಆಗುವುದಿಲ್ಲ. ಕನ್ನಡಕ ನೋಟವನ್ನು ತಿದ್ದುತ್ತದೆಯೇ ಹೊರತು ಗುಡ್ಡೆಯನ್ನಲ್ಲ.

ಆದುದರಿಂದ ಆಸನವನ್ನು ಮೊದಲೇ ನಿಗದಿಪಡಿಸಬೇಕು. ಮಾನಿಟರು ಮೇಜಿನ ಹಿಂಭಾಗದಲ್ಲಿ, ಅದರ ಮೇಲಂಚು ಮಗುವಿನ ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಇರಲಿ. ಕುರ್ಚಿ ಕನಿಷ್ಠ ಒಂದು ತೋಳುದ್ದ ದೂರ. ದೊಡ್ಡವರ ತೋಳುದ್ದವಾದರೆ ಇನ್ನೂ ಮೇಲು. ಅಕ್ಷರ ಸಣ್ಣದೆಂದರೆ ಕುರ್ಚಿ ಎಳೆಯುವ ಬದಲು ಕನ್ಸೋಲಿನ ವ್ಯವಸ್ಥೆಯಲ್ಲಿ ಅಕ್ಷರದ ಗಾತ್ರವನ್ನು ಹಿಗ್ಗಿಸಬೇಕು. ಕಾಲು ನೆಲಕ್ಕೆ ಎಟುಕದಿದ್ದರೆ ಮಣೆಯೊಂದನ್ನು ಇಟ್ಟರಾಯಿತು. ಕೂಲರಿನ ಗಾಳಿ ಮುಖಕ್ಕೆ ನೇರವಾಗಿ ಬಡಿಯಬಾರದು. ಸಾಮಾನ್ಯವಾಗಿ ನಿಮಿಷಕ್ಕೆ ಹದಿನೈದು-ಇಪ್ಪತ್ತು ಬಾರಿ ಮುಚ್ಚಿ ತೆರೆಯುವ ಕಣ್ಣಿನ ರೆಪ್ಪೆ ತೆರೆಯೆದುರು ಅದರ ಅರ್ಧಕ್ಕಿಂತ ಕಡಿಮೆಯಾಗುವುದುಂಟು; ಅದರ ಮೇಲೆ ಗಾಳಿಯೂ ಬಡಿದರೆ ಕಣ್ಣು ಉರಿಯುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ಆಚೆಗೆ, ಇಪ್ಪತ್ತು ಸೆಕೆಂಡು ನೋಡಬೇಕೆಂಬ ನೇತ್ರವೈದ್ಯರ ಸೂತ್ರವನ್ನು ಪಾಲಿಸಲು ಎದುರು ಮನೆಯ ಮಾಳಿಗೆಯ ಗಾಳಿಪಟವೇ ಸಾಕು.

ಕೋಣೆಯನ್ನು ಸಿನಿಮಾಮಂದಿರದಂತೆ ಕತ್ತಲೆ ಮಾಡಿ ಆಡಬಾರದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಟಿ.ವಿ. ವ್ಯಂಗ್ಯಚಿತ್ರವೊಂದರ ಕೆಂಪು-ನೀಲಿ ಮಿನುಗನ್ನು ನೋಡಿ 600ಕ್ಕೂ ಹೆಚ್ಚು ಜನರು, ಬಹುಪಾಲು ಮಕ್ಕಳು, ಅಸ್ವಸ್ಥರಾಗಿ ಆಸ್ಪತ್ರೆ ಸೇರಿದರು. ಮಿನುಗುಬೆಳಕಿನಿಂದ ಮೂರ್ಛೆ ಬರುವವರು ಅತ್ಯಲ್ಪ. ಆದರೂ ದೀಪ ಹೊತ್ತಿಸಿ ದೂರ ಕುಳಿತರೆ ಅಪಾಯ ತಗ್ಗುತ್ತದೆ. ಮನೆತನದಲ್ಲಿ ಮೂರ್ಛೆರೋಗವಿದ್ದರೆ ವೈದ್ಯರನ್ನು ಕೇಳದೆ ಕನ್ಸೋಲು ಬೇಡ.

ಧ್ವನಿಯ ಪ್ರಶ್ನೆ ಇನ್ನೂ ಉಳಿದಿದೆ. ಅನೇಕ ಮಾನಿಟರುಗಳಲ್ಲಿ ಸ್ಪೀಕರ್ ಇರುವುದಿಲ್ಲ. ಸುಲಭದ ದಾರಿಯೆಂದು ಹುಡುಗ ಕೈಯಲ್ಲಿನ ನಿಯಂತ್ರಕಕ್ಕೆ ಹೆಡ್‌ಫೋನ್ ಸಿಕ್ಕಿಸಿಕೊಳ್ಳುತ್ತಾನೆ. ಮನೆಯವರಿಗೂ ಗಲಾಟೆ ತಪ್ಪಿತೆಂಬ ಸಮಾಧಾನ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮಕ್ಕಳಿಗೆ ಸೂಚಿಸಿದ ಮಿತಿ ವಾರಕ್ಕೆ 40 ಗಂಟೆ, 75 ಡೆಸಿಬೆಲ್. ಗುಂಡಿನ ಸದ್ದು, ಕೂಲರಿನ ಸದ್ದು ಎರಡನ್ನೂ ಮೀರಿಸಲು ಹುಡುಗ ಧ್ವನಿ ಏರಿಸಿದರೆ ಆ ಮಿತಿ ಬೇಗನೆ ದಾಟುತ್ತದೆ. ಕಿವಿಗಿಂತ ಆಚೆಯ ಹಾನಿಯೊಂದುಂಟು. ಹೊರನಾಡಿನ ಮಗುವಿಗೆ ಗಲ್ಲಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಕೇಳುವುದು ಮನೆಯೊಳಗಿನ ಕೆಲವೇ ಗಂಟೆಗಳಲ್ಲಿ. ಆ ಗಂಟೆಗಳಲ್ಲೂ ಕಿವಿ ಮುಚ್ಚಿದರೆ ಅಜ್ಜಿ ಯಾರೊಡನೆ ಮಾತನಾಡಬೇಕು? ಮಾನಿಟರಿನಲ್ಲಿ ಹೆಡ್‌ಫೋನಿನ ಕಿಂಡಿ ಇರುವುದಾದರೆ ಎಚ್.ಡಿ.ಎಂ.ಐ. ಮೂಲಕ ಬಂದ ಧ್ವನಿಯನ್ನು ಅಲ್ಲಿಂದ ಹೊರತೆಗೆದು ಸಾಧಾರಣ ಸ್ಪೀಕರುಗಳಿಗೆ ಕೊಡಬಹುದು. ಇಲ್ಲದಿದ್ದರೆ ಧ್ವನಿಯನ್ನು ಬೇರ್ಪಡಿಸುವ ಪುಟ್ಟ ಪೆಟ್ಟಿಗೆ ದೊರೆಯುತ್ತದೆ. ಸದ್ದು ಎಲ್ಲರಿಗೂ ಕೇಳಿಸಲಿ. ಮೇಜೂ ಮಲಗುವ ಕೋಣೆಯಲ್ಲಿರದೆ ನಡುಮನೆಯಲ್ಲಿರಲಿ. ಈ ಮಾತು ಮುಂಬಯಿಯ ಒಂದೇ ಕೋಣೆಯ ಮನೆಗೂ ದೆಹಲಿಯ ಫ್ಲ್ಯಾಟಿಗೂ ಸಮಾನವಾಗಿ ಅನ್ವಯಿಸುತ್ತದೆ.

ನಡುಮನೆಯಲ್ಲಿಟ್ಟರೆ ಮತ್ತೊಂದು ಅನುಕೂಲ: ಆಟ ಯಾವಾಗ ಚಟವಾಗುತ್ತಿದೆ ಎಂಬುದು ಕಣ್ಣಿಗೆ ಬೀಳುತ್ತದೆ. 2022ರ ಜನವರಿ 1ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಆಟದ ವ್ಯಸನಕ್ಕೂ ಸ್ಥಾನವಿದೆ. ಹೆಚ್ಚು ಹೊತ್ತು ಆಡಿದ ಮಾತ್ರಕ್ಕೆ ಅದು ರೋಗವಲ್ಲ. ನಿಲ್ಲಿಸಲಾಗದಿರುವುದು, ಉಳಿದೆಲ್ಲವೂ ಹಿಂದೆ ಬೀಳುವುದು, ಹಾನಿ ಕಂಡರೂ ಮುಂದುವರಿಯುವುದು, ಇವು ಸಾಮಾನ್ಯವಾಗಿ ವರ್ಷಕಾಲ ಕಾಣಿಸಿಕೊಳ್ಳಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇಂತಹವರಿಗಾಗಿಯೇ 2014ರಲ್ಲಿ ‘ಷಟ್’ ಎಂಬ ಚಿಕಿತ್ಸಾಲಯವನ್ನು ತೆರೆಯಿತು.

ಇನ್ನು ಹೊತ್ತಿನ ಹಂಚಿಕೆ. ಚೀನದ ಗ್ವಾಂಗ್‌ಝೌ ನಗರದ ಹನ್ನೆರಡು ಪ್ರಾಥಮಿಕ ಶಾಲೆಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಸ್ಮರಣೀಯ. ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಬಯಲಲ್ಲಿ ಕಳೆದ ಮಕ್ಕಳಲ್ಲಿ ಮೂರು ವರ್ಷಗಳಲ್ಲಿ ಸಮೀಪದೃಷ್ಟಿ ಬಂದವರು ಶೇಕಡ 30.4; ಉಳಿದವರಲ್ಲಿ ಶೇಕಡ 39.5. ಬಯಲಿನ ಬೆಳಕಿಗೆ ಔಷಧಿಯ ಬೆಲೆಯಿಲ್ಲ, ಗುಣವುಂಟು. ಕಾಶಿಯ ಬೇಸಿಗೆಯಲ್ಲಿ ಅದು ಸಿಗುವುದು ಮುಂಜಾವಿನಲ್ಲಿ; ಐದೂವರೆಗೆ ಎದ್ದು ಘಾಟಿನತ್ತ ನಡೆದರೆ ಲೂ ಏಳುವ ಮುನ್ನ ಎರಡು ಗಂಟೆ ಧಾರಾಳವಾಗಿ ದೊರೆಯುತ್ತದೆ. ಆಟಕ್ಕೆ ಸಂಜೆ ಏಳರ ಮೇಲಿನ ಒಂದು ಗಂಟೆ ಯೋಗ್ಯ: ಕೋಣೆಯ ಕಾವು ಇಳಿದಿರುತ್ತದೆ, ತಂದೆಯೂ ಮನೆಗೆ ಬಂದಿರುತ್ತಾನೆ. ಮಲಗುವ ಒಂದು ಗಂಟೆಗೆ ಮುಂಚೆ ತೆರೆ ಆರಿರಬೇಕು.

ಇಷ್ಟಾದ ಮೇಲೂ ಮಗು ಮತ್ತೆ ಮತ್ತೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುವುದಾದರೆ, ಕಣ್ಣು ಕಿರಿದು ಮಾಡಿ ನೋಡುವುದಾದರೆ, ಗದರಿಸುವುದಕ್ಕೆ ಮುನ್ನ ನೇತ್ರಪರೀಕ್ಷೆ ಮಾಡಿಸತಕ್ಕದ್ದು. ಅದು ಹಟವಾಗಿರದೆ ಆಗಲೇ ಬಂದಿರುವ ಸಮೀಪದೃಷ್ಟಿಯ ಲಕ್ಷಣವಾಗಿರಬಹುದು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸರ್ ಸುಂದರಲಾಲ್ ಆಸ್ಪತ್ರೆಯಲ್ಲಿ ನೇತ್ರವಿಭಾಗವಿದ್ದು, ಭೇಲೂಪುರದಿಂದ ಅದು ದೂರವೇನಲ್ಲ. ರಜೆ ಮುಗಿದು ಶಾಲೆ ತೆರೆಯುವುದಕ್ಕೆ ಮೊದಲೇ ಒಮ್ಮೆ ಹೋಗಿಬಂದರೆ, ತರಗತಿಯ ಕಪ್ಪುಹಲಗೆಯೂ ಮಗುವಿಗೆ ಸ್ಪಷ್ಟವಾಗಿ ಕಾಣುತ್ತಿದೆಯೇ ಎಂಬುದು ತಿಳಿದುಹೋಗುತ್ತದೆ.