ಕಡಲು ದಾಟುವ ತಂಗಿಗೆ

ತಂಗೀ,

ನೀನು ಆಫ್ರಿಕಾಕ್ಕೆ ಹೊರಟಿರುವ ಸುದ್ದಿಯನ್ನು ನಿಮ್ಮವ್ವ ಬಂದು ಹೇಳಿದರು. ನರ್ಸಿಂಗ್ ಮುಗಿಸಿದೆ, ವ್ರತ ತೊಟ್ಟು ಸಿಸ್ಟರ್ ಆದೆ, ಈಗ ನಿಮ್ಮ ಸಭೆಯವರು ಕಳಿಸುವ ದೇಶಕ್ಕೆ ಹೋಗುತ್ತೀ. "ಸರ್, ನೀವರ ಆಕೀಗೆ ಒಂದ್ ನಾಕ್ ಮಾತು ಹೇಳ್ರಿ" ಅಂದರು. ಹೋಗಬೇಡ ಎಂದು ನನ್ನ ಬಾಯಿಂದ ಹೇಳಿಸುವ ಆಸೆ ಅವರಿಗೆ ಇದ್ದಿರಬೇಕು. ಅದನ್ನು ನಾನು ಹೇಳುವುದಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದವನು ನಾನು, ನಿನ್ನ ಧರ್ಮದ ವಿಷಯ ನಿನಗೆ ಹೇಳಿಕೊಡುವಷ್ಟು ತಿಳಿವಳಿಕೆಯೂ ನನಗಿಲ್ಲ. ಆದರೆ ನೀನು ಹಿಡಿದಿರುವ ದಾರಿಯಲ್ಲೇ ಒಂದು ಕಾಲಕ್ಕೆ ನಮ್ಮ ಸೀಮೆಗೆ ಬಂದವರಿದ್ದಾರೆ. ಧಾರವಾಡದಲ್ಲಿ ಕಲಿಯುವಾಗಿನಿಂದ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಅದರಲ್ಲಿ ನಿನಗೆ ಬೇಕಾಗುವುದನ್ನಷ್ಟು ಬರೆಯುತ್ತೇನೆ.

1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದರು. 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಬೆಟಗೇರಿ ಸೇರಿದರು. ಬೆಳಗಾವಿಯಲ್ಲಿ ಅವರಿಗಿಂತ ಮೊದಲೇ, 1820ರಿಂದ, ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಇದ್ದರು. ನಮ್ಮ ದೇಗಾಂವ, ಕಿತ್ತೂರು ಬೆಳಗಾವಿ-ಧಾರವಾಡಗಳ ನಡುವಿನ ಹಾದಿಯಲ್ಲಿವೆ. ಈಗ ಒಂದು ಲೆಕ್ಕ ಹಾಕು. ಇಂಗ್ಲಿಷರ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆ ಮುಂದೆ ಸತ್ತದ್ದು 1824ರ ಅಕ್ಟೋಬರ್‌ನಲ್ಲಿ. ಅದಾಗಿ ಹದಿಮೂರು ವರ್ಷಕ್ಕೆ ಬಿಳಿಯ ಮೋರೆಯವರು ಧಾರವಾಡದ ಪೇಟೆಯಲ್ಲಿ ನಿಂತು ದೇವರ ಮಾತು ಹೇಳತೊಡಗಿದರು. ಅವರು ಇಂಗ್ಲಿಷರಲ್ಲ, ಹೆಚ್ಚಿನವರು ಜರ್ಮನರು, ಬಡ ಕಸುಬುದಾರರ ಮನೆಯಿಂದ ಬಂದವರೂ ಅವರಲ್ಲಿದ್ದರು. ಆದರೆ ಕಿತ್ತೂರು ಕಳೆದುಕೊಂಡ ಜನಕ್ಕೆ ಆ ಫರಕು ಯಾಕೆ ಬೇಕು? ಟೋಪಿ ಹಾಕಿದವರೆಲ್ಲ ಒಂದೇ. ನೀನು ಹೋಗುವಲ್ಲಿಯೂ ನಿನಗಿಂತ ಮೊದಲು ಯಾರೋ ಬಂದು ಏನೋ ಮಾಡಿ ಹೋಗಿರುತ್ತಾರೆ. ಅವರ ಲೆಕ್ಕ ನಿನ್ನ ಹೆಸರಿಗೂ ಸ್ವಲ್ಪ ಬೀಳುತ್ತದೆ. ಸಿಟ್ಟಾಗಬೇಡ. ಆ ಊರಿನ ಹಿಂದಿನ ಕತೆಯನ್ನು ಮೊದಲು ಓದಿಕೊಂಡು ಹೋಗು.

ಮಿಷನರಿಗಳ ಕಷ್ಟ ಎಂದರೆ ಜ್ವರ, ವಾಂತಿಭೇದಿ, ಬಿಸಿಲು ಎಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ಅದು ಸುಳ್ಳಲ್ಲ. ಮುಂದೆ ಕನ್ನಡ ನಿಘಂಟು ಮಾಡಿದ ಬಾಸೆಲ್ ಮಿಷನ್ನಿನ ಕಿಟ್ಟೆಲ್ ಅವರ ಮೊದಲ ಹೆಂಡತಿ ಪೌಲೀನ್ 1864ರಲ್ಲಿ ತೀರಿಕೊಂಡರು. ಅದೇ ಮಿಷನ್ನಿನ ಮೋಗ್ಲಿಂಗ್ ಅವರ ಜತೆಗಾರ ವೈಗ್ಲೆ 1855ರಲ್ಲಿ ಹೋದರು, ಆಮೇಲೆ ಅವರ ವಿಧವೆಯನ್ನು ಮೋಗ್ಲಿಂಗ್ ಮದುವೆಯಾದರು. ಆದರೆ ನನಗೆ ಓದುವಾಗ ಹೊಟ್ಟೆಯೊಳಗೆ ಕೆಡುಕೆನಿಸಿದ್ದು ಬೇರೆ ಸಂಗತಿ. ಬರುವವನು ತಾನೇ ಒಪ್ಪಿ ಬಂದಿರುತ್ತಾನೆ. ಕೇಳದೆಯೇ ಕಷ್ಟಕ್ಕೆ ಬಿದ್ದವರು ಅವನ ಸುತ್ತಲಿನವರು.

ಬಾಸೆಲ್‌ನ ಕಟ್ಟಳೆಯಂತೆ ಹುಡುಗರು ಮದುವೆಯಿಲ್ಲದೆ ಹಡಗು ಹತ್ತಬೇಕು. ಕೆಲವು ವರ್ಷ ದುಡಿದ ಮೇಲೆ ಕಮಿಟಿಗೆ ಅರ್ಜಿ ಹಾಕಿ ಹೆಂಡತಿಯನ್ನು ಬೇಡಬೇಕು. ಅಲ್ಲಿ ಹೆಣ್ಣು ಹುಡುಕಿ ಕಳಿಸುತ್ತಿದ್ದರು. ಎಷ್ಟೋ ಹುಡುಗಿಯರು ತಿಂಗಳುಗಟ್ಟಲೆ ಸಮುದ್ರದಲ್ಲಿ ಬಂದು, ಬಂದರಿನಲ್ಲಿ ಇಳಿದ ಮೇಲೆಯೇ ಗಂಡನ ಮುಖ ನೋಡಿದ್ದು. ನಮ್ಮ ಅಜ್ಜಿಯರ ಮದುವೆಯೂ ಹಾಗೇ ಆಗಿತ್ತಲ್ಲ ಎನ್ನಬಹುದು. ಆದರೆ ನಮ್ಮ ಅಜ್ಜಿಯರಿಗೆ ತವರು ಬಂಡಿ ಹಾದಿಯಲ್ಲಿತ್ತು, ಪಂಚಮಿಗೆ ಅಣ್ಣ ಕರೆಯಲು ಬರುತ್ತಿದ್ದ.

ಮಕ್ಕಳದು ಇನ್ನೂ ಕಠಿಣ. ಆರು ವರ್ಷದ ಹೊತ್ತಿಗೆ ಅವರನ್ನು ಯುರೋಪಿಗೆ ಕಳಿಸಬೇಕು, ಬಾಸೆಲ್‌ನಲ್ಲಿ ಅದಕ್ಕೆಂದೇ ಒಂದು ಮಕ್ಕಳ ಮನೆ ಇತ್ತು. ಮಲಯಾಳಕ್ಕೆ ನಿಘಂಟು ಮಾಡಿದ ಗುಂಡರ್ಟ್ ಅವರ ಹೆಸರು ಕೇಳಿರುತ್ತೀ. ಅವರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ನಾಲ್ಕು ವರ್ಷದ ಕೂಸನ್ನು ಊರಲ್ಲಿ ಬಿಟ್ಟು ತಾಯಿತಂದೆ ಮತ್ತೆ ಭಾರತಕ್ಕೆ ಬಂದರು. ಅವಳ ಮಗನೇ ಮುಂದೆ 'ಸಿದ್ಧಾರ್ಥ' ಬರೆದ ಹರ್ಮನ್ ಹೆಸ್ಸೆ. ಲೋಕ ಮೊಮ್ಮಗನನ್ನು ಓದಿತು, ಅಜ್ಜನ ನಿಘಂಟನ್ನು ಹೊಗಳಿತು. ನಾಲ್ಕು ವರ್ಷದ ಆ ಹುಡುಗಿಯನ್ನು ಯಾರೂ ಏನೂ ಕೇಳಲಿಲ್ಲ. ನಿನಗೆ ಗಂಡ ಮಕ್ಕಳ ಪ್ರಶ್ನೆ ಇಲ್ಲ, ಗೊತ್ತು. ಆದರೆ ಅವ್ವ ಇದ್ದಾರೆ.

ಇನ್ನೊಬ್ಬರು ಮಂಗಳೂರಿನ ಆನಂದರಾವ್ ಕೌಂಡಿನ್ಯ. ಬ್ರಾಹ್ಮಣರ ಮನೆಯ ಹುಡುಗ, 1844ರಲ್ಲಿ ದೀಕ್ಷಾಸ್ನಾನ ತೆಗೆದುಕೊಂಡ. ಊರಿಗೆ ಊರೇ ಎದ್ದು ಕೂತಿತು. ಮುಂದೆ ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ 1851ರಲ್ಲಿ ಮರಳಿದರು. ಕನ್ನಡ ನಾಡಿನಿಂದ ಯುರೋಪಿಗೆ ಹೋಗಿ ಈ ಕೆಲಸಕ್ಕೆಂದು ಕಲಿತು ಬಂದ ಮೊದಲಿಗರು ಅವರು, ಒಂದು ರೀತಿಯಲ್ಲಿ ನಿನ್ನ ಹಿರಿಯಣ್ಣ. ಅವರ ಕೈಹಿಡಿದ ಹೆಣ್ಣುಮಗಳು ಮಾತ್ರ ಹೊಸ ಧರ್ಮಕ್ಕೆ ಅವರ ಹಿಂದೆ ಬರಲಿಲ್ಲ. ಆ ಕಾಲದಲ್ಲಿ ಗಂಡ ಬದುಕಿದ್ದೂ ಇಲ್ಲದಂತಾದ ಹುಡುಗಿಯ ಗತಿ ಏನೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಕೌಂಡಿನ್ಯರ ಧೈರ್ಯ ದೊಡ್ಡದು, ಅದನ್ನು ಒಪ್ಪುತ್ತೇನೆ. ಆದರೆ ಮಿಷನ್ನಿನ ಚರಿತ್ರೆ ಅವರನ್ನು ಕುರಿತು ಬರೆದಷ್ಟು ಪುಟಗಳಲ್ಲಿ ಒಂದು ಪುಟವಾದರೂ ಆಕೆಗೆ ಸಲ್ಲಬೇಕಿತ್ತು. ನಿನ್ನ ಮಾತು ಕೇಳಿ ಯಾರಾದರೂ ಮನೆ ಬಿಟ್ಟು ಬರುತ್ತೇನೆ ಎಂದಾಗ, ಖುಷಿಪಡುವ ಮುಂಚೆ ಆ ಮನೆಯಲ್ಲಿ ಉಳಿಯುವವರು ಯಾರೆಂದು ಕೇಳು.

ಇನ್ನು ಎಷ್ಟು ಜನ ಧರ್ಮಕ್ಕೆ ಬಂದರೆಂದು ತಲೆ ಎಣಿಸುವ ಚಟ. ಇದು ನಮ್ಮ ಕಡೆಯದೇ ಕತೆ. 1840ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡದ ಪಾದ್ರಿಗಳ ಹತ್ತಿರ ಕಾಲಜ್ಞಾನ ಪಂಥದವರು ಬಂದರು. ನೀವು ಹೇಳುವುದು ನಮ್ಮ ಹೊತ್ತಿಗೆಗಳಲ್ಲಿ ಮೊದಲೇ ಬಂದಿದೆ ಎಂದರು. ಪಾದ್ರಿಗಳಿಗೆ ಸ್ವರ್ಗ ಮೂರೇ ಗೇಣು. ಒಂದು ಪಂಥಕ್ಕೆ ಪಂಥವೇ ಬಂದು ಸೇರುತ್ತದೆ ಎಂದು ನಂಬಿದರು. ಬೆಟಗೇರಿ ಹತ್ತಿರ ಮಲಸಮುದ್ರದಲ್ಲಿ ಹೊಲ ಹಿಡಿದು ಕ್ರೈಸ್ತರ ಒಕ್ಕಲುತನದ ಊರು ಕಟ್ಟಲು ಹೊರಟರು. ಬರುತ್ತೇವೆಂದವರು ಬರಲಿಲ್ಲ, ಆ ಊರೂ ನಿಲ್ಲಲಿಲ್ಲ. ಕಾಲಜ್ಞಾನದವರು ಮೋಸ ಮಾಡಿದರು ಅಂತ ನನಗೆ ಅನಿಸುವುದಿಲ್ಲ. ಎರಡೂ ಕಡೆಯವರು ತಮಗೆ ಬೇಕಾದದ್ದನ್ನು ಕೇಳಿಸಿಕೊಂಡರು, ಅಷ್ಟೇ.

ಹಾಗಾದರೆ ಸುಖ ಏನೂ ಇಲ್ಲವೇ? ಇದೆ, ಆದರೆ ಅದು ಹುಡುಕಿದ ಕಡೆ ಸಿಗಲಿಲ್ಲ. ಮೋಗ್ಲಿಂಗ್ ಉಪದೇಶಕ್ಕೆ ಬಂದವರು. ನಮ್ಮ ಜನ ಅವರ ಉಪದೇಶ ಕೇಳಿದ್ದು ಕಡಿಮೆ, ಅವರೇ ನಮ್ಮ ದಾಸರ ಪದ ಕೇಳಿ ಕಿವಿಗೊಟ್ಟು ನಿಂತರು. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರತಂದರು, ಕನ್ನಡಕ್ಕೆ ಅದೇ ಮೊದಲ ಪತ್ರಿಕೆ. ಆಮೇಲೆ ಹಳೆಯ ಕನ್ನಡ ಕಾವ್ಯ, ಬಸವಪುರಾಣ, ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚಿಗೆ ಹಾಕಿದರು. ಕಿಟ್ಟೆಲ್ 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ಬಂದವರು. ಅವರ ಭಾಷೆಯ ಹುಚ್ಚು ಜತೆಯ ಪಾದ್ರಿಗಳಿಗೆಲ್ಲ ಹಿಡಿಸಿರಲಿಲ್ಲ. ನಡುವೆ ತಾಯ್ನಾಡಿಗೆ ಮರಳಿದವರು, ಬರೀ ನಿಘಂಟು ಮುಗಿಸಲೆಂದು ಮತ್ತೆ ಬಂದರು. 1894ರಲ್ಲಿ ಎಪ್ಪತ್ತು ಸಾವಿರದಷ್ಟು ಶಬ್ದಗಳ ಆ ಪುಸ್ತಕ ಮಂಗಳೂರಿನಲ್ಲಿ ಅಚ್ಚಾಯಿತು. ಪ್ರಚಾರಕನಾಗಿ ಅವರು ಗೆದ್ದವರಲ್ಲ. ಇವತ್ತು ನಾನು ಹಳೆಯ ಶಬ್ದವೊಂದು ತಿಳಿಯದಿದ್ದರೆ ಅವರ ನಿಘಂಟನ್ನೇ ತೆಗೆಯುತ್ತೇನೆ.

ಒಂದು ಮಾತು ಸೇರಿಸುತ್ತೇನೆ. ನಮ್ಮೂರ ಕಮಲನಾರಾಯಣ ಗುಡಿಗೆ ಬಂದವರೆಲ್ಲ ಕಟ್ಟಿಸಿದ ಕದಂಬರ ರಾಣಿ ಕಮಲಾದೇವಿಯ ಹೆಸರು ಬರೆದುಕೊಂಡು ಹೋಗುತ್ತಾರೆ, ಕಲ್ಲು ಕಡೆದ ತಿಪ್ಪೋಜನನ್ನು ಕೇಳುವವರು ಒಬ್ಬಿಬ್ಬರು. ಕಿಟ್ಟೆಲ್‌ಗೆ ಶಬ್ದ ಬಿಡಿಸಿ ಹೇಳಿದ ಮುನ್ಶಿಗಳದೂ ಅದೇ ಪಾಡು. ನೀನು ಹೋಗುವ ದವಾಖಾನೆಯಲ್ಲಿ ನಿನಗೆ ಭಾಷೆ ಕಲಿಸುವ ಆಯಾಳ ಹೆಸರನ್ನು ನಿನ್ನ ಪತ್ರಗಳಲ್ಲಿ ಬರೆ.

ದವಾಖಾನೆ ಎಂದೆ. ಗದಗ-ಬೆಟಗೇರಿಯ ಮಿಷನ್ ಆಸ್ಪತ್ರೆಗೆ ಜನ ಈಗಲೂ 'ಜರ್ಮನ್ ದವಾಖಾನೆ' ಎನ್ನುತ್ತಾರೆ. ಜರ್ಮನರು ಹೋಗಿ ಎಷ್ಟು ಕಾಲವಾಯಿತು! ಅವರು ಹೋದದ್ದಾದರೂ ಹೇಗೆ? 1914ರಲ್ಲಿ ಯುದ್ಧ ಬಂತು. ಕಿತ್ತೂರಿನ ಜನ ಯಾರನ್ನು ಇಂಗ್ಲಿಷರೆಂದೇ ತಿಳಿದಿದ್ದರೋ ಅವರನ್ನು ಇಂಗ್ಲಿಷ್ ಸರಕಾರವೇ ಶತ್ರುಗಳೆಂದು ಹಿಡಿದು ಅಹಮದನಗರದಲ್ಲಿ ಕೂಡಿಹಾಕಿತು. ಮುಂದೆ 'ಗೋಲ್ಕೊಂಡಾ' ಎಂಬ ಹಡಗಿನಲ್ಲಿ ಹೆಂಗಸರು ಮಕ್ಕಳೆನ್ನದೆ ದೇಶ ದಾಟಿಸಿದರು. ಜೀವಮಾನವೆಲ್ಲ ಇಲ್ಲಿ ಸವೆಸಿದವರೂ ಆ ಹೊತ್ತಿಗೆ ಪರದೇಶಿಗಳೇ. ನಿನ್ನ ಪಾಸ್‌ಪೋರ್ಟೂ ಪರದೇಶದ್ದೇ ಆಗಿರುತ್ತದೆ, ನೆನಪಿರಲಿ. ನೀನು ಇಲ್ಲದಿದ್ದರೂ ನಡೆಯುವಂತೆ ಅಲ್ಲಿನ ಹುಡುಗಿಯರಿಗೆ ಕೆಲಸ ಕಲಿಸು. ಬೆಟಗೇರಿಯ ದವಾಖಾನೆ ಉಳಿದದ್ದು ಇಲ್ಲಿಯವರು ಅದನ್ನು ಕೈಗೆ ತೆಗೆದುಕೊಂಡದ್ದರಿಂದ.

ನಮ್ಮ ಬೈಲಹೊಂಗಲ ಕಡೆಯ ದೇಶನೂರಿನಲ್ಲಿ ಜೆಸ್ವಿಟ್ ಪಾದ್ರಿಗಳು ಕಾವಿ ಉಟ್ಟು ಮಠ ಕಟ್ಟಿಕೊಂಡು ಇದ್ದ ಸಂಗತಿ ನಿನಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅದರ ಬಗ್ಗೆ ಜನ ಎರಡು ನಮೂನೆ ಮಾತಾಡುತ್ತಾರೆ. ಇದು ವೇಷ ಎನ್ನುವವರೂ ಇದ್ದಾರೆ, ನಮ್ಮವರಾಗಿಬಿಟ್ಟರು ಎನ್ನುವವರೂ ಇದ್ದಾರೆ. ನನ್ನ ತೀರ್ಪು ಸರಳ: ಉಡುಪನ್ನು ನಾಲ್ಕು ದಿನಕ್ಕೆ ಬದಲಿಸಬಹುದು, ಹಳ್ಳಿಯಲ್ಲಿ ವರ್ಷಗಟ್ಟಲೆ ಇದ್ದು ಅಲ್ಲಿಯದೇ ರೊಟ್ಟಿ ತಿನ್ನುವುದಕ್ಕೆ ವೇಷ ಸಾಲದು. ನೀನು ಮೊದಲ ವರ್ಷ ಬರೀ ಅಲ್ಲಿನ ಮಾತು ಕಲಿ. ಅವರು ಕೊಟ್ಟದ್ದನ್ನು ಉಣ್ಣು. ನಮ್ಮ ಕಡೆ ಹೀಗೆ ಮಾಡುತ್ತೇವೆ ಎಂದು ಮಾತುಮಾತಿಗೆ ಹೇಳಬೇಡ.

ಮತ್ತೆ ನಿಮ್ಮವ್ವ. ಆ ಮಿಷನರಿಗಳ ಕಾಲದಲ್ಲಿ ಪತ್ರ ಮುಟ್ಟಲು ತಿಂಗಳು ಹಿಡಿಯುತ್ತಿತ್ತು, ಸತ್ತ ಸುದ್ದಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ನಿನಗೆ ಕೈಯಲ್ಲಿ ಫೋನಿದೆ, ನೆವ ಹೇಳಲಾಗದು. ಭಾನುವಾರ ಪೂಜೆ ಮುಗಿದ ಮೇಲೆ ಫೋನ್ ಮಾಡುವುದನ್ನು ರೂಢಿ ಮಾಡಿಕೋ. ಚೆನ್ನಾಗಿದ್ದೇನೆ ಎಂದಷ್ಟೇ ಹೇಳಿ ಇಡಬೇಡ. ಏನು ಉಂಡೆ, ಯಾರು ಬೈದರು, ಯಾಕೆ ಅತ್ತೆ ಎಲ್ಲ ಹೇಳು. ಅವರಿಗೆ ಅದೇ ಬೇಕು. ವೀಸಾ ಬರಲು ಇನ್ನೂ ಕೆಲವು ವಾರ ಇದೆಯಂತೆ. ಅವರ ಎಡಗಣ್ಣಿಗೆ ಪೊರೆ ಬಂದಿದೆ, ನಿನ್ನ ಹೊರಡುವ ಗಡಿಬಿಡಿಯಲ್ಲಿ ಹೇಳಿಲ್ಲ ಎಂದರು. ಆಪರೇಶನ್ ಮಾಡಿಸಿ, ಪಟ್ಟಿ ಬಿಚ್ಚುವವರೆಗೆ ಜತೆಗಿದ್ದು, ಆಮೇಲೆ ವಿಮಾನ ಹತ್ತು.