ನಕ್ಷತ್ರಗಳ ದೂರ: ಒಂದು ಮಾನದಿಂದ ಇನ್ನೊಂದಕ್ಕೆ

ಬಟ್ಟೆಯನ್ನು ಮೀಟರಿನಲ್ಲಿ ಅಳೆಯುತ್ತೇವೆ, ಊರಿಂದೂರಿಗೆ ಇರುವ ದೂರವನ್ನು ಕಿಲೋಮೀಟರಿನಲ್ಲಿ ಹೇಳುತ್ತೇವೆ. ಆದರೆ ನಕ್ಷತ್ರಗಳ ದೂರಕ್ಕೆ ಕಿಲೋಮೀಟರ್ ಸಾಲದು. ಬರೆಯಹೊರಟರೆ ಸೊನ್ನೆಗಳ ಸಾಲೇ ಆಗುತ್ತದೆ. ಆದ್ದರಿಂದ ಖಗೋಳ ವಿಜ್ಞಾನದಲ್ಲಿ ಮೂರು ಬೇರೆ ಮಾನಗಳಿವೆ. ಒಂದನ್ನು ಇನ್ನೊಂದಕ್ಕೆ ಬದಲಿಸುವ ಸಂಖ್ಯೆಗಳನ್ನು ಬಾಯಿಪಾಠ ಮಾಡುವ ಬದಲು, ಅವು ಎಲ್ಲಿಂದ ಬಂದವು ಎಂದು ತಿಳಿಯೋಣ. ಒಮ್ಮೆ ತಿಳಿದರೆ ಪರೀಕ್ಷೆಯಲ್ಲಿ ಮರೆತರೂ ನಾವೇ ಲೆಕ್ಕ ಹಾಕಬಹುದು.

ಮೂರು ಮಾನಗಳು

1. ಖಗೋಳಮಾನ: ಭೂಮಿಗೂ ಸೂರ್ಯನಿಗೂ ನಡುವಿನ ಸರಾಸರಿ ದೂರ, ಸುಮಾರು 14.96 ಕೋಟಿ ಕಿ.ಮೀ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು 2012ರಲ್ಲಿ ಇದನ್ನು 14,95,97,870.7 ಕಿ.ಮೀ. ಎಂದು ನಿಗದಿ ಮಾಡಿತು.

2. ಜ್ಯೋತಿರ್ವರ್ಷ: ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ, ಸುಮಾರು 9.46 ಲಕ್ಷ ಕೋಟಿ ಕಿ.ಮೀ. ಹೆಸರಿನಲ್ಲಿ 'ವರ್ಷ' ಇದ್ದರೂ ಇದು ಕಾಲವಲ್ಲ, ದೂರ.

3. ಪಾರ್ಸೆಕ್: ಕೋನದಿಂದ ಹುಟ್ಟಿದ ಮಾನ, ಸುಮಾರು 30.86 ಲಕ್ಷ ಕೋಟಿ ಕಿ.ಮೀ.

ಮನೆಯಲ್ಲಿ ಅಪ್ಪ ಅಮ್ಮ ಲಕ್ಷ, ಕೋಟಿ ಎನ್ನುತ್ತಾರೆ. ನಮ್ಮ ವಿಜ್ಞಾನದ ಪುಸ್ತಕದಲ್ಲಿ ಮಿಲಿಯನ್, ಟ್ರಿಲಿಯನ್ ಎಂದಿರುತ್ತದೆ. ಹತ್ತು ಲಕ್ಷಕ್ಕೆ ಒಂದು ಮಿಲಿಯನ್, ಒಂದು ಲಕ್ಷ ಕೋಟಿಗೆ ಒಂದು ಟ್ರಿಲಿಯನ್ ಎಂದು ನೆನಪಿಟ್ಟರೆ ಗೊಂದಲವಿಲ್ಲ.

63,241 ಎಲ್ಲಿಂದ ಬಂತು?

ಬೆಳಕು ಒಂದು ಸೆಕೆಂಡಿಗೆ 2,99,792.458 ಕಿ.ಮೀ. ಸಾಗುತ್ತದೆ. ಖಗೋಳಮಾನವನ್ನು ಇದರಿಂದ ಭಾಗಿಸಿದರೆ 499.005 ಸೆಕೆಂಡ್ ಸಿಗುತ್ತದೆ. ಅಂದರೆ ಸೂರ್ಯನ ಬೆಳಕು ನಮ್ಮನ್ನು ತಲುಪಲು 8 ನಿಮಿಷ 19 ಸೆಕೆಂಡ್ ಬೇಕು. ಈಗ 365.25 ದಿನಗಳ ಒಂದು ವರ್ಷದಲ್ಲಿ 3,15,57,600 ಸೆಕೆಂಡುಗಳಿವೆ. ಅದನ್ನು 499.005ರಿಂದ ಭಾಗಿಸೋಣ. ಉತ್ತರ 63,241. ಒಂದು ಜ್ಯೋತಿರ್ವರ್ಷ ಎಂದರೆ 63,241 ಖಗೋಳಮಾನ. ಕಿಲೋಮೀಟರಿನ ಸೊನ್ನೆಗಳ ಗೊಡವೆಯೇ ಬೇಡ.

2,06,265 ಎಲ್ಲಿಂದ ಬಂತು?

ತೋಳನ್ನು ಮುಂದೆ ಚಾಚಿ ಹೆಬ್ಬೆರಳನ್ನು ಒಮ್ಮೆ ಎಡಗಣ್ಣಿನಿಂದ, ಒಮ್ಮೆ ಬಲಗಣ್ಣಿನಿಂದ ನೋಡಿ. ಹಿಂದಿನ ಗೋಡೆಯ ಎದುರು ಬೆರಳು ಸರಿದಂತೆ ಕಾಣುತ್ತದೆ. ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ ನಕ್ಷತ್ರಗಳೂ ಹೀಗೆಯೇ ತುಸು ಸರಿದಂತೆ ಕಾಣುತ್ತವೆ. ಇದಕ್ಕೆ ಪ್ಯಾರಲಾಕ್ಸ್ ಎಂದು ಹೆಸರು. 1838ರಲ್ಲಿ ಜರ್ಮನಿಯ ಬೆಸೆಲ್ ಅವರು '61 ಸಿಗ್ನಿ' ಎಂಬ ನಕ್ಷತ್ರದ ದೂರವನ್ನು ಈ ವಿಧಾನದಿಂದಲೇ ಕಂಡುಹಿಡಿದರು. 2013ರಲ್ಲಿ ಹಾರಿದ ಯುರೋಪಿನ ಗಾಯಾ ಉಪಗ್ರಹವು ನೂರು ಕೋಟಿಗೂ ಹೆಚ್ಚು ನಕ್ಷತ್ರಗಳನ್ನು ಹೀಗೆ ಅಳೆಯಿತು.

ಕೋನದ ಒಂದು ಡಿಗ್ರಿಗೆ 60 ಮಿನಿಟ್, ಒಂದು ಮಿನಿಟಿಗೆ 60 ಸೆಕೆಂಡ್. ಪಂಚಾಂಗದಲ್ಲಿ ಇವನ್ನೇ ಕಲೆ, ವಿಕಲೆ ಎನ್ನುತ್ತಾರೆ. ಪೂರ್ಣ ವೃತ್ತದಲ್ಲಿ 360 × 60 × 60 = 12,96,000 ಸೆಕೆಂಡುಗಳು. ಯಾವ ದೂರದಿಂದ ನೋಡಿದರೆ ಒಂದು ಖಗೋಳಮಾನವು ಒಂದು ಸೆಕೆಂಡ್ ಕೋನದಷ್ಟು ಮಾತ್ರ ಕಾಣುತ್ತದೋ ಆ ದೂರವೇ ಒಂದು ಪಾರ್ಸೆಕ್. ಆ ದೂರವನ್ನೇ ತ್ರಿಜ್ಯವಾಗಿಟ್ಟು ಒಂದು ವೃತ್ತ ಎಳೆದರೆ, ಅದರ ಪರಿಧಿ 12,96,000 ಖಗೋಳಮಾನ. ಪರಿಧಿಯನ್ನು 2πಯಿಂದ ಭಾಗಿಸಿದರೆ ತ್ರಿಜ್ಯ ಸಿಗುತ್ತದೆಂದು ನಾವು ಗಣಿತದಲ್ಲಿ ಕಲಿತಿದ್ದೇವೆ. ಉತ್ತರ 2,06,265 ಖಗೋಳಮಾನ.

ಇನ್ನು ಉಳಿದದ್ದು ಸುಲಭ. 2,06,265 ÷ 63,241 = 3.26. ಒಂದು ಪಾರ್ಸೆಕ್ ಎಂದರೆ 3.26 ಜ್ಯೋತಿರ್ವರ್ಷ.

ಸುಹೈಲ್ ಎಷ್ಟು ದೂರ?

ನಾವಿರುವ ಕೊಲ್ಲಿ ನಾಡುಗಳಲ್ಲಿ ಆಗಸ್ಟ್ ಕೊನೆಗೆ ಬೆಳಗಿನ ಜಾವ ಸುಹೈಲ್ ನಕ್ಷತ್ರ ಕಾಣಿಸಿಕೊಂಡರೆ, ಇನ್ನು ಸೆಕೆ ಇಳಿಯುತ್ತದೆಂದು ಇಲ್ಲಿನ ಹಿರಿಯರು ಹೇಳುತ್ತಾರೆ. ನಮ್ಮ ಅಜ್ಜ ಅಜ್ಜಿಯರು ಅಗಸ್ತ್ಯ ಎಂದು ಕರೆಯುವ ನಕ್ಷತ್ರವೂ ಇದೇ. ಇದರ ಪ್ಯಾರಲಾಕ್ಸ್ ಕೋನ ಸುಮಾರು 0.0105 ಸೆಕೆಂಡ್. ಒಂದನ್ನು ಈ ಕೋನದಿಂದ ಭಾಗಿಸಿದರೆ ದೂರ ಪಾರ್ಸೆಕ್‌ಗಳಲ್ಲಿ ಸಿಗುತ್ತದೆ: 1 ÷ 0.0105, ಅಂದರೆ ಸುಮಾರು 95 ಪಾರ್ಸೆಕ್. ಅದನ್ನು 3.26ರಿಂದ ಗುಣಿಸಿದರೆ ಸುಮಾರು 310 ಜ್ಯೋತಿರ್ವರ್ಷ. ಇಂದು ನಾವು ನೋಡುವ ಅಗಸ್ತ್ಯನ ಬೆಳಕು ಮುನ್ನೂರು ವರ್ಷಗಳಿಗೂ ಹಿಂದೆ ಅಲ್ಲಿಂದ ಹೊರಟದ್ದು!

ಯಾವಾಗ ಗುಣಿಸಬೇಕು, ಯಾವಾಗ ಭಾಗಿಸಬೇಕು ಎಂಬ ಸಂಶಯ ಬಂದರೆ ಹೀಗೆ ಯೋಚಿಸೋಣ: ದೊಡ್ಡ ಮಾನದಿಂದ ಚಿಕ್ಕ ಮಾನಕ್ಕೆ ಹೋಗುವಾಗ ಸಂಖ್ಯೆ ಹೆಚ್ಚಬೇಕು, ಆದ್ದರಿಂದ ಗುಣಾಕಾರ. ಚಿಕ್ಕದರಿಂದ ದೊಡ್ಡದಕ್ಕೆ ಭಾಗಾಕಾರ. ರೂಪಾಯಿಯನ್ನು ಪೈಸೆ ಮಾಡಿದಂತೆ, ಪೈಸೆಯನ್ನು ರೂಪಾಯಿ ಮಾಡಿದಂತೆ.

ನೀವೇ ಮಾಡಿ ನೋಡಿ

1. ಲುಬ್ಧಕ ನಕ್ಷತ್ರದ ಪ್ಯಾರಲಾಕ್ಸ್ 0.379 ಸೆಕೆಂಡ್. ಅದರ ದೂರ ಎಷ್ಟು ಪಾರ್ಸೆಕ್? ಎಷ್ಟು ಜ್ಯೋತಿರ್ವರ್ಷ?

2. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅದರ ದೂರ 4.24 ಜ್ಯೋತಿರ್ವರ್ಷ. ಇದು ಎಷ್ಟು ಖಗೋಳಮಾನ?

3. ನೆಪ್ಚೂನ್ ಸೂರ್ಯನಿಂದ ಸುಮಾರು 30 ಖಗೋಳಮಾನ ದೂರದಲ್ಲಿದೆ. ಸೂರ್ಯನ ಬೆಳಕು ಅಲ್ಲಿಗೆ ತಲುಪಲು ಎಷ್ಟು ಹೊತ್ತು ಬೇಕು?

ಉತ್ತರಗಳು: 1) 2.64 ಪಾರ್ಸೆಕ್, 8.6 ಜ್ಯೋತಿರ್ವರ್ಷ. 2) ಸುಮಾರು 2,68,000. 3) ಸುಮಾರು 4 ಗಂಟೆ 10 ನಿಮಿಷ.

ಚಳಿಗಾಲದ ರಾತ್ರಿ ದಕ್ಷಿಣ ದಿಕ್ಕಿಗೆ ತಿರುಗಿ ನಿಂತರೆ ಲುಬ್ಧಕ, ಅಗಸ್ತ್ಯ ಎರಡೂ ಕಾಣುತ್ತವೆ. ಮೇಲಿನದು ಲುಬ್ಧಕ, ಕೆಳಗೆ ದಿಗಂತದ ಬಳಿ ಇರುವುದು ಅಗಸ್ತ್ಯ. ಲುಬ್ಧಕವೇ ಹೆಚ್ಚು ಹೊಳೆಯುತ್ತದೆ, ಆದರೆ ಅಗಸ್ತ್ಯ ಅದಕ್ಕಿಂತ ಸುಮಾರು 36 ಪಟ್ಟು ದೂರ. ಅಪ್ಪ ಅಮ್ಮನನ್ನೂ ಕರೆದು ತೋರಿಸಿ, ಲೆಕ್ಕವನ್ನೂ ಹೇಳಿಕೊಡಿ.