ಗಿಡ ನೆಟ್ಟ ಮರುದಿನವೇ ಹಣ್ಣು ಕೇಳಬೇಡಿ

ನಡುರಾತ್ರಿ ಎದ್ದು ಕೂತು ಇಂಗ್ಲೆಂಡಿನ ಕ್ಲಬ್ಬುಗಳ ಫುಟ್‌ಬಾಲ್ ನೋಡುತ್ತೀರಿ. ಅಲ್ಲಿನ ಆಟಗಾರರ ಹೆಸರು, ಊರು, ಸಂಬಳ ಎಲ್ಲವೂ ನಿಮಗೆ ಬಾಯಿಪಾಠ. ನೋಡಿ, ಬೇಡ ಅನ್ನುವುದಿಲ್ಲ. ಆದರೆ ಭಾರತದ ಹದಿನೇಳರೊಳಗಿನ ಹುಡುಗರ ತಂಡದಲ್ಲಿ ಯಾರಿದ್ದಾರೆ ಎಂದು ಕೇಳಿದರೆ ಒಂದು ಹೆಸರೂ ನಿಮ್ಮ ಬಾಯಿಂದ ಬರುವುದಿಲ್ಲ. ಅವರು ಗೆದ್ದ ದಿನ ಫೋನಿನ ತುಂಬ ಬಾವುಟ ಹಾರಿಸುತ್ತೀರಿ, ಸೋತ ದಿನ ‘ನಮ್ಮವರ ಹಣೆಬರಹ ಇಷ್ಟೇ’ ಎಂದು ಮುಖ ತಿರುಗಿಸುತ್ತೀರಿ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ. ಬೇಜಾರು ಮಾಡಿಕೊಳ್ಳಬೇಡಿ. ನಿಮಗೆ ಆಟದ ಮೇಲೂ ಮಕ್ಕಳ ಮೇಲೂ ಪ್ರೀತಿ ಇದೆಯೆಂದು ಗೊತ್ತು. ಅದಕ್ಕೇ ನಾಲ್ಕು ಮಾತು ಹೇಳುತ್ತೇನೆ, ಕೇಳಿ.

ಮೊದಲನೆಯದು, ‘ನಮ್ಮಲ್ಲಿ ಏನಿತ್ತು’ ಎಂದು ಕೇಳುವ ಮುಂಚೆ ಏನಿತ್ತೆಂದು ತಿಳಿದುಕೊಳ್ಳಿ. 1974ರಲ್ಲಿ ಬ್ಯಾಂಕಾಕಿನಲ್ಲಿ ನಡೆದ ಏಷ್ಯಾ ಯುವ ಫುಟ್‌ಬಾಲ್ ಚಾಂಪಿಯನ್‌ಷಿಪ್ಪಿನ ಫೈನಲ್‌ಗೆ ನಮ್ಮ ಹುಡುಗರು ಹೋಗಿದ್ದರು. ಶಬ್ಬೀರ್ ಅಲಿ ನಾಯಕ, ಅರುಣ್ ಘೋಷ್ ಕೋಚ್. ಇರಾನ್ ಎದುರಿನ ಆ ಪಂದ್ಯ 2-2ರಲ್ಲಿ ನಿಂತಿತು, ಎರಡೂ ತಂಡಗಳು ಜಂಟಿಯಾಗಿ ಚಾಂಪಿಯನ್ ಆದವು. ಏಷ್ಯಾ ಮಟ್ಟದಲ್ಲಿ ನಮ್ಮ ಕಿರಿಯರು ಅಷ್ಟು ಎತ್ತರಕ್ಕೆ ಮತ್ತೆ ಏರಲಿಲ್ಲ. ಒಂದು ಫಸಲು ಚೆನ್ನಾಗಿ ಬಂತೆಂದು ಮುಂದಿನ ಬಿತ್ತನೆ ಮರೆತರೆ ಹೀಗೇ ಆಗುವುದು. ಗೆದ್ದ ತಂಡವನ್ನು ಮೆರೆಸುವುದು ಸುಲಭ, ಅದರ ಬೆನ್ನಿಗೆ ಇನ್ನೊಂದು ತಂಡ ಬೆಳೆಸುವುದು ಕಷ್ಟ. ನೀವು ಆ ಕಷ್ಟದ ಕೆಲಸದ ಕಡೆ ನಿಲ್ಲಿ.

ಎರಡನೆಯದು, ಅಂಕಿಗಳನ್ನು ಓದುವಾಗ ಆತುರ ಮಾಡಬೇಡಿ. 2017ರಲ್ಲಿ ಹದಿನೇಳರೊಳಗಿನವರ ವಿಶ್ವಕಪ್ ನಮ್ಮ ದೇಶದಲ್ಲೇ ನಡೆಯಿತು. ಆತಿಥೇಯರೆಂಬ ಕಾರಣಕ್ಕೆ ನಮ್ಮ ತಂಡಕ್ಕೆ ನೇರ ಪ್ರವೇಶ ಸಿಕ್ಕಿತ್ತು. ದೆಹಲಿಯ ನೆಹರೂ ಕ್ರೀಡಾಂಗಣದಲ್ಲಿ ಅಮೆರಿಕ ಎದುರು 0-3, ಕೊಲಂಬಿಯಾ ಎದುರು 1-2, ಘಾನಾ ಎದುರು 0-4. ಮೂರಕ್ಕೆ ಮೂರೂ ಸೋಲು. ಇಷ್ಟು ಓದಿ ಪತ್ರಿಕೆ ಮಡಚಿಟ್ಟವರೇ ಹೆಚ್ಚು. ಆ ನಡುವಿನ ಪಂದ್ಯ ಏನು ಕಲಿಸುತ್ತದೆ ನೋಡಿ. 82ನೇ ನಿಮಿಷದಲ್ಲಿ ನಮ್ಮ ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್ ಹೊಡೆದ ಕಾರ್ನರ್ ಕಿಕ್ಕಿಗೆ ಮಣಿಪುರದ ಜೀಕ್ಸನ್ ಸಿಂಗ್ ತಲೆ ಕೊಟ್ಟ, ಚೆಂಡು ಬಲೆಯೊಳಗೆ ಹೋಯಿತು. ಫಿಫಾ ವಿಶ್ವಕಪ್ಪಿನಲ್ಲಿ ಭಾರತ ಹೊಡೆದ ಮೊಟ್ಟಮೊದಲ ಗೋಲು ಅದು. ಸ್ಕೋರು ಸಮ. ಆದರೆ ಮರುನಿಮಿಷವೇ ಕೊಲಂಬಿಯಾ ಇನ್ನೊಂದು ಗೋಲು ಹೊಡೆದು ಪಂದ್ಯ ಕಸಿದುಕೊಂಡಿತು. ನಿಮ್ಮ ಮನೆಯಲ್ಲಿ ಆಡುವ ಮಕ್ಕಳಿದ್ದರೆ ಇದನ್ನು ತಪ್ಪದೆ ಹೇಳಿ: ಸಂತೋಷದ ಗಳಿಗೆಯಲ್ಲೇ ಎಚ್ಚರ ಹೆಚ್ಚು ಬೇಕು.

ಮೂರನೆಯದು, ಸೋತ ಹುಡುಗರನ್ನು ಅಲ್ಲಿಗೇ ಬಿಟ್ಟುಬಿಡಬೇಡಿ. ತಾಳಿದವನು ಬಾಳಿಯಾನು. ಆ ವಿಶ್ವಕಪ್ ಮುಗಿದ ಮೇಲೆ ಅದೇ ಹುಡುಗರಲ್ಲಿ ಬಹಳ ಮಂದಿಯನ್ನು ‘ಇಂಡಿಯನ್ ಆರೋಸ್’ ಎಂಬ ಹೆಸರಿನಲ್ಲಿ ದೇಶದ ಕ್ಲಬ್ಬುಗಳ ಐ-ಲೀಗಿಗೆ ಇಳಿಸಿದರು. ಬಲಿತ ಗಂಡಸರ ಎದುರು ಆಡಿದ ಆ ಹುಡುಗರು ಪಟ್ಟಿಯ ಕೊನೆಯ ಸ್ಥಾನದಲ್ಲಿ ಉಳಿದರು, ಆದರೆ ಆಟ ಕಲಿತರು. 2018ರ ಆಗಸ್ಟಿನಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ ನಮ್ಮ ಇಪ್ಪತ್ತರೊಳಗಿನ ತಂಡ ಹತ್ತೇ ಜನರಾಗಿ ಉಳಿದೂ ಅರ್ಜೆಂಟೀನಾದ ಹುಡುಗರನ್ನು 2-1ರಿಂದ ಸೋಲಿಸಿತು. ಗೋಲು ಹೊಡೆದವರು ದೀಪಕ್ ಟಾಂಗ್ರಿ ಮತ್ತು ಅನ್ವರ್ ಅಲಿ. 2023ರ ಜುಲೈಯಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತದ ಹಿರಿಯರ ತಂಡ ಕುವೈತನ್ನು ಪೆನಾಲ್ಟಿಯಲ್ಲಿ ಮಣಿಸಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದಾಗ ಆ ತಂಡದಲ್ಲಿ ಅನ್ವರ್ ಇದ್ದ, ಜೀಕ್ಸನ್ ಇದ್ದ. ದೆಹಲಿಯಲ್ಲಿ ಸೋತು ತಲೆ ತಗ್ಗಿಸಿ ನಡೆದವರೇ ಅವರು. ನಡುವೆ ಆರು ವರ್ಷ ಹಿಡಿಯಿತು. ಅಜ್ಜ ನೆಟ್ಟ ಮರದ ಹಣ್ಣನ್ನು ಮೊಮ್ಮಗ ತಿನ್ನುವ ನಾಡು ನಮ್ಮದು, ಆರು ವರ್ಷ ಕಾಯಲಾರಿರೇ?

ನಾಲ್ಕನೆಯದು, ಸಣ್ಣ ಗೆಲುವಿಗೆ ಮೈಮರೆಯಬೇಡಿ. ದಕ್ಷಿಣ ಏಷ್ಯಾದ ಕಿರಿಯರ ಟೂರ್ನಿಗಳಲ್ಲಿ ನಮ್ಮವರದೇ ಮೇಲುಗೈ. 2019ರಲ್ಲಿ ಬಂಗಾಳದ ಕಲ್ಯಾಣಿಯಲ್ಲಿ ನೇಪಾಳವನ್ನು ಫೈನಲ್ಲಿನಲ್ಲಿ 7-0, 2022ರಲ್ಲಿ ಕೊಲಂಬೊದಲ್ಲಿ ಅದೇ ನೇಪಾಳವನ್ನು 4-0, 2023 ಮತ್ತು 2024ರಲ್ಲಿ ಥಿಂಪುವಿನಲ್ಲಿ ಬಾಂಗ್ಲಾದೇಶವನ್ನು 2-0ರಿಂದ ಸೋಲಿಸಿದ್ದಾರೆ. ಹೆಮ್ಮೆ ಪಡಿ. ಆದರೆ ಹಿತ್ತಲಲ್ಲಿ ಈಜಿದ್ದೇ ಹೊಳೆ ದಾಟಿದಂತಲ್ಲ. 2023ರಲ್ಲೇ ಥಾಯ್ಲೆಂಡಿನಲ್ಲಿ ನಡೆದ ಹದಿನೇಳರೊಳಗಿನವರ ಏಷ್ಯಾ ಕಪ್ಪಿನಲ್ಲಿ ವಿಯೆಟ್ನಾಂ ಜೊತೆ 1-1 ಸಮ, ಉಜ್ಬೇಕಿಸ್ತಾನದ ಎದುರು 0-1, ಜಪಾನಿನ ಎದುರು 4-8. ಜಪಾನ್ ಆ ಸಲದ ಚಾಂಪಿಯನ್. ಎಂಟು ಬಿಟ್ಟುಕೊಟ್ಟರೆಂದು ಬೈಯುವ ಮುಂಚೆ ಚಾಂಪಿಯನ್ನರಿಗೇ ನಾಲ್ಕು ಹೊಡೆದರೆಂದೂ ಲೆಕ್ಕ ಹಾಕಿ. 2018ರಲ್ಲಿ ಮಲೇಷ್ಯಾದಲ್ಲಿ ನಡೆದ ಏಷ್ಯಾ ಟೂರ್ನಿಯಲ್ಲಿ ಬಿಬಿಯಾನೊ ಫರ್ನಾಂಡಿಸ್ ತರಬೇತಿಯಲ್ಲಿ ಹದಿನಾರರೊಳಗಿನವರು ಗುಂಪಿನ ಮೂರು ಪಂದ್ಯಗಳಲ್ಲಿ ಒಂದೂ ಗೋಲು ಬಿಟ್ಟುಕೊಡದೆ ಕ್ವಾರ್ಟರ್ ಫೈನಲ್ ತಲುಪಿದ್ದರು. ದಕ್ಷಿಣ ಕೊರಿಯಾ ಎದುರು 0-1ರಿಂದ ಸೋತರು. ಅದೊಂದನ್ನು ಗೆದ್ದಿದ್ದರೆ ಆಡಿಯೇ ಗಳಿಸಿದ ವಿಶ್ವಕಪ್ ಪ್ರವೇಶ ಅವರದಾಗುತ್ತಿತ್ತು. ಆ ತಂಡದ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಎತ್ತುತ್ತಾರೆ, ಹೇಳಿ?

ಇನ್ನು ಅಪ್ಪ ಅಮ್ಮಂದಿರಿಗೆ ಕಿವಿ ಹಿಂಡಿ ಹೇಳಬೇಕಾದ ಮಾತು. ಮಗುವಿನ ವಯಸ್ಸು ಕಡಿಮೆ ಮಾಡಿ ಬರೆಸಬೇಡಿ. ಎರಡು ವರ್ಷ ಕದ್ದರೆ ಆಯ್ಕೆ ಸುಲಭ ಎಂದು ಯಾರೋ ಹೇಳಿಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ಈಗ ಹದಿನೇಳರೊಳಗಿನ ವಿಶ್ವಕಪ್ಪಿನಲ್ಲಿ ಮಣಿಕಟ್ಟಿನ ಎಂಆರ್‌ಐ ತೆಗೆದು ಮೂಳೆ ಬಲಿತಿದೆಯೇ ಎಂದು ನೋಡುತ್ತಾರೆ, ಕಾಗದ ಸುಳ್ಳು ಹೇಳಿದರೂ ಮೂಳೆ ಹೇಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ತನಗಿಂತ ಚಿಕ್ಕವರನ್ನು ತಳ್ಳಿ ಗೆದ್ದ ಹುಡುಗನಿಗೆ ಸರೀಕರು ಎದುರಾದ ದಿನ ಆಟವೇ ಇರುವುದಿಲ್ಲ. ಜೊತೆಗೆ ಒಬ್ಬ ನಿಜವಾದ ಚಿಕ್ಕ ಹುಡುಗನ ಜಾಗವನ್ನೂ ನೀವು ಕಿತ್ತುಕೊಂಡಂತಾಯಿತು.

ಮಗು ಚೆನ್ನಾಗಿ ಓಡುತ್ತದೆಂದು ವೈದ್ಯರನ್ನು ಮರೆಯಬೇಡಿ. ಈಗ ಹೇಳಿದ ಅನ್ವರ್ ಅಲಿಗೆ 2019ರಲ್ಲಿ ಹೃದಯದ ತೊಂದರೆ ಇರುವುದು ತಪಾಸಣೆಯಿಂದಲೇ ತಿಳಿದದ್ದು. ಆಟ ನಿಲ್ಲಿಸಬೇಕಾಯಿತು. ಮತ್ತೆ ತಜ್ಞರ ಸಲಹೆ ಪಡೆದು ಮರಳಿ ಬಂದು ದೇಶಕ್ಕೆ ಆಡಿದ. ಹೊರಗಿಂದ ಗಟ್ಟಿಯಾಗಿ ಕಾಣುವ ಮೈಯೊಳಗೆ ಏನಿದೆಯೆಂದು ಕಣ್ಣಳತೆಯಲ್ಲಿ ತಿಳಿಯದು. ಮೊಣಕಾಲು ನೋಯುತ್ತದೆ ಎಂದರೆ ‘ಗಂಡು ಹುಡುಗ, ತಡ್ಕೋ’ ಎಂದು ಗದರಬೇಡಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಶಾಲೆಯನ್ನಂತೂ ಬಿಡಿಸಲೇಬೇಡಿ. ತಂಡಕ್ಕೆ ಸೇರಿದ ಎಲ್ಲರೂ ಜೀಕ್ಸನ್ ಆಗುವುದಿಲ್ಲ. ಉಳಿದವರಿಗೂ ಬದುಕು ಬೇಕಲ್ಲ!

ಸೋತ ಮಕ್ಕಳ ಬಗ್ಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಬರೆಯುವುದನ್ನು ಇವತ್ತೇ ಬಿಡಿ. 2022ರಲ್ಲಿ ಭುವನೇಶ್ವರದಲ್ಲಿ ನಮ್ಮ ಹದಿನೇಳರೊಳಗಿನ ಹುಡುಗಿಯರು ವಿಶ್ವಕಪ್ ಆಡಿದರು. ಅಮೆರಿಕ ಎದುರು 0-8, ಮೊರಾಕ್ಕೊ ಎದುರು 0-3, ಬ್ರೆಜಿಲ್ ಎದುರು 0-5. ಅಂಗಳದಲ್ಲಿ ಚೆಂಡು ಒದ್ದರೆ ‘ಹುಡುಗಿಗೇಕೆ ಇದು’ ಎನ್ನುವ ನಾವೇ ಆ ಮಕ್ಕಳನ್ನು ಹಂಗಿಸುವುದು ಯಾವ ನ್ಯಾಯ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹದಿನಾರು ವರ್ಷದ ಮನಸ್ಸಿಗೆ ತಾಗಿದ ಮಾತು ಬಹಳ ಕಾಲ ಉಳಿಯುತ್ತದೆ.

ಕೊನೆಯದಾಗಿ, ಮನೆಯಿಂದ ಹೊರಗೆ ಬನ್ನಿ. 2017ರ ಆ ವಿಶ್ವಕಪ್ ನೋಡಲು ಆರು ಊರುಗಳಲ್ಲಿ ಸೇರಿ 13 ಲಕ್ಷ 47 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಹದಿನೇಳರೊಳಗಿನವರ ವಿಶ್ವಕಪ್ಪಿಗೆ ಅದುವರೆಗೆ ಅಷ್ಟು ಜನ ಎಲ್ಲೂ ಸೇರಿರಲಿಲ್ಲ. ಜನ ಬರುತ್ತಾರೆ, ಅಭ್ಯಾಸವಾಗಬೇಕು ಅಷ್ಟೆ. ನಮ್ಮ ನಾಡಿಗೂ ಈ ಆಟ ಹೊಸದಲ್ಲ. 1948ರ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ಎದುರು ಭಾರತದ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಮೇಲೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ತಂದವರು ನಮ್ಮ ಕರ್ನಾಟಕದವರೇ. ಹಲಸೂರಿನ ಗೌತಮಪುರದಲ್ಲಿ ಇವತ್ತಿಗೂ ಮಕ್ಕಳು ಸಂಜೆ ಚೆಂಡು ಹಿಡಿದು ಹೊರಡುತ್ತಾರೆ. ಈ ಭಾನುವಾರ ನಿಮ್ಮೂರಿನ ಮೈದಾನಕ್ಕೆ ಹೋಗಿ ಮಕ್ಕಳ ಒಂದು ಪಂದ್ಯ ನೋಡಿ. ಗೆದ್ದವರಿಗೂ ಸೋತವರಿಗೂ ಚಪ್ಪಾಳೆ ತಟ್ಟಿ, ಒಂದಿಬ್ಬರ ಹೆಸರು ಕೇಳಿ ನೆನಪಿಟ್ಟುಕೊಳ್ಳಿ. ಮುಂದಿನ ವಾರ ಮತ್ತೆ ಹೋಗಿ.